ಚಾರ್ಮಾಡಿಯಲ್ಲಿ ನಿಂತ ಕಾರು

ಕರಾವಳಿಯಿಂದ ಘಟ್ಟ ಹತ್ತುವವರಿಗೆ ದಾರಿಗಳು ಹಲವು. ಆಗುಂಬೆ, ಚಾರ್ಮಾಡಿ, ಶಿರಾಡಿ, ಬಿಸಿಲೆ, ಸಂಪಾಜೆ – ಒಂದೊಂದು ಘಾಟಿಗೂ ಒಂದೊಂದು ಚೆಲುವು, ಒಂದೊಂದು ಸ್ವಭಾವ. ಇವುಗಳಲ್ಲಿ ಚಾರ್ಮಾಡಿಯ ಮೇಲೆ ನನಗೆ ಮೊದಲಿನಿಂದಲೂ ಅಕ್ಕರೆ. ಮಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದ ಕಾಲದಲ್ಲಿ ಊರಿಗೆ ಬಂದು ಹೋಗಲು ಇದೇ ನನ್ನ ದಾರಿಯಾಗಿತ್ತು. ಆದರೆ ಬಸ್ಸಿನ ಕಿಟಕಿಯಾಚೆ ಓಡುವ ಘಾಟಿಯನ್ನು ನೋಡಿದ್ದೆನೇ ಹೊರತು, ಅಲ್ಲಿ ಇಳಿದು ನಿಂತವನಲ್ಲ. ಆ ಯೋಗ ಕೂಡಿಬಂದದ್ದು 2024ರ ಮಾರ್ಚ್ 3ರ ಭಾನುವಾರ, ಶಿವರಾತ್ರಿಗೆ ಐದು ದಿನ ಇರುವಾಗ. ಅಂದು ಸಂಜೆ ಮೂರು ಗಂಟೆಗೂ ಹೆಚ್ಚು ಕಾಲ ಚಾರ್ಮಾಡಿಯ ತಿರುವುಗಳಲ್ಲಿ ನಿಲ್ಲಬೇಕಾಯಿತು. ಕಾರು ಕೆಟ್ಟಿತ್ತು.

ಕಾರು ನನ್ನದಲ್ಲ, ನನ್ನ ತಮ್ಮನ ಮಗನದು. ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ಬಟ್ಟೆಯ ಟಾಪು ಮಡಚಿಡುವ ಸ್ಪೋರ್ಟ್ಸ್ ಕಾರು ಅದು. ಹುಡುಗನ ತಾಯಿಯ ತಂದೆ ಅದನ್ನು ಕಾಫಿ ತೋಟದ ಮಾಲೀಕರೊಬ್ಬರಿಂದ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ತೋಟದ ಶೆಡ್ಡಿನಲ್ಲಿ ಗೋಣಿಚೀಲಗಳ ಅಡಿಯಲ್ಲಿ ಬಿದ್ದಿತ್ತು. ಕೋಳಿಗಳು ಮೊಟ್ಟೆ ಇಡುತ್ತಿದ್ದ ಆ ಗಾಡಿಯನ್ನು ಹುಡುಗ ಮಂಗಳೂರಿಗೆ ಸಾಗಿಸಿ, ಮೂರು ವರ್ಷ ರಜೆಯೆನ್ನದೆ ದುಡಿದು, ರಸ್ತೆಗೆ ತಂದಿದ್ದ. ಆ ಮೂರು ವರ್ಷದಲ್ಲಿ ಎರಡು ವಿಷಯಗಳಲ್ಲಿ ಫೇಲೂ ಆಗಿದ್ದ.

ಮದುವೆಯೊಂದಕ್ಕೆ ನಾನು ಮಂಗಳೂರಿಗೆ ಹೊರಟಾಗ ಮೂಡಿಗೆರೆಯಿಂದ ತಮ್ಮ ಫೋನು ಮಾಡಿದ.

“ಅಣ್ಣ, ಹೇಗೂ ಹೋಗ್ತಿದ್ದೀಯ. ಬರುವಾಗ ಅವನ ಜೊತೆ ಆ ಕಾರಲ್ಲೇ ಬಾ. ದಾರೀಲಿ ಸ್ವಲ್ಪ ಬುದ್ಧಿ ಹೇಳು. ನಾನು ಹೇಳಿದ್ರೆ ಕೇಳಲ್ಲ, ನೀನು ಮೇಷ್ಟ್ರು, ನಿನ್ನ ಮಾತು ಕೇಳ್ತಾನೆ. ಕಾರು ಮಾರಿಸಿಬಿಡೋಣ.”

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಬುದ್ಧಿ ಹೇಳುವುದೇನೂ ನನಗೆ ಹೊಸ ಕೆಲಸವಲ್ಲ. ಒಪ್ಪಿಕೊಂಡೆ.

ಟಕ್ ಟಕ್ ಸದ್ದಿನ ಗಾಡಿ

ಊಟ ಮುಗಿಸಿ ಮಧ್ಯಾಹ್ನ ಒಂದೂವರೆಗೆ ಹೊರಟೆವು. ಕಾರಿನಲ್ಲಿ ಕೂರುವುದೆಂದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದಷ್ಟೇ ತಗ್ಗು. ಪಕ್ಕದಲ್ಲಿ ಬಸ್ಸು ಬಂದರೆ ಅದರ ಚಕ್ರದ ನಟ್ಟುಗಳು ನಮ್ಮ ಕಣ್ಣಿನ ನೇರಕ್ಕೆ! ಹುಡುಗ ಕೀಲಿ ತಿರುಗಿಸಿದಾಗ ಹಿಂದಿನಿಂದ ಟಕ್ ಟಕ್ ಟಕ್ ಎಂಬ ಸದ್ದು ಕೇಳಿಸಿತು, ಆಮೇಲೆ ನಿಂತಿತು.

“ಅದು ಪೆಟ್ರೋಲ್ ಪಂಪು ದೊಡ್ಡಪ್ಪ. ಕರೆಂಟಿನದು. ಕಾರ್ಬುರೇಟರ್ ತುಂಬೋವರೆಗೆ ಬಡಿಯುತ್ತೆ, ತುಂಬಿದ ಮೇಲೆ ಸುಮ್ಮನಾಗುತ್ತೆ,” ಎಂದ.

ನಾನು ತಲೆಯಾಡಿಸಿದೆ. ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಅಂದಿನ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು.

ಬಿ.ಸಿ. ರೋಡು, ಬೆಳ್ತಂಗಡಿ, ಉಜಿರೆ ದಾಟಿದೆವು. ಉಜಿರೆಯಲ್ಲಿ ಬಲಕ್ಕೆ ಹೊರಳಿದರೆ ಧರ್ಮಸ್ಥಳ, ನೇರ ಹೋದರೆ ಚಾರ್ಮಾಡಿ. ಎದುರಿನಿಂದ ಪಾದಯಾತ್ರಿಗಳ ಗುಂಪುಗಳು ಬರತೊಡಗಿದವು. ಹಾಸನ, ಮಂಡ್ಯ, ಬೆಂಗಳೂರಿನ ಕಡೆಯಿಂದ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದೇ ಬರುವವರು ಪ್ರತಿವರ್ಷ ಈ ಘಾಟಿಯನ್ನು ಇಳಿಯುತ್ತಾರೆ. ಹೆಗಲಿಗೆ ಚೀಲ, ಕಾಲಿಗೆ ಬಟ್ಟೆಯ ಪಟ್ಟಿ, ಬಾಯಲ್ಲಿ ಮಂಜುನಾಥನ ಹೆಸರು. ನಮ್ಮ ಕೆಂಪು ಕಾರನ್ನು ಕಂಡು ಕೈಬೀಸಿದರು. ಹುಡುಗ ಹಾರ್ನ್ ಮಾಡಿ ಉತ್ತರ ಕೊಟ್ಟ. ಬುದ್ಧಿ ಹೇಳಲು ಅದು ಸಮಯವಲ್ಲವೆಂದು ನಾನು ಸುಮ್ಮನಿದ್ದೆ.

ಚಾರ್ಮಾಡಿ ಊರು ದಾಟಿದ ಮೇಲೆ ಏರು. ಇಲ್ಲಿಂದ ಕೊಟ್ಟಿಗೆಹಾರದವರೆಗೆ ಇಪ್ಪತ್ತು ಕಿಲೊಮೀಟರಿಗೂ ಹೆಚ್ಚು ದಾರಿ, ತಿರುವಿನ ಮೇಲೆ ತಿರುವು. ಸೆಖೆ ವಿಪರೀತವಿತ್ತು. ಮೂರು ನಾಲ್ಕು ತಿರುವು ಹತ್ತಿರಬೇಕು, ಎಂಜಿನ್ ಮಿಸ್ಸಿಂಗ್ ಹೊಡೆಯತೊಡಗಿತು. ಒಂದು ಸಲ ಸೈಲೆನ್ಸರಿನಿಂದ ಪಟಾರ್ ಎಂದಿತು. ಇನ್ನೊಂದು ತಿರುವಿನ ಹೊತ್ತಿಗೆ ಉಸಿರು ಕಟ್ಟಿದಂತಾಗಿ ನಿಂತೇಹೋಯಿತು. ಹುಡುಗ ಗುಡ್ಡದ ಬದಿಗೆ ಹೊರಳಿಸಿ ಬ್ರೇಕು ಹಾಕಿದ. ಆಗ ನಾಲ್ಕು ಗಂಟೆ.

ಮೇಷ್ಟರ ವಿವರಣೆ

ಬಾನೆಟ್ ಎತ್ತಿದ ಕೂಡಲೇ ಬಿಸಿಗಾಳಿ ಮುಖಕ್ಕೆ ರಾಚಿತು. ನನಗೆ ಕಾರಣ ಹೊಳೆದುಬಿಟ್ಟಿತು. ಹೊಳೆದದ್ದು ಮಾತ್ರವಲ್ಲ, ಬಹಳ ಸಂತೋಷವೂ ಆಯಿತು. ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪಾಠ ಶುರುಮಾಡಿದೆ.

ಪೆಟ್ರೋಲು ನೀರಿನಂತೆ ಒಂದೇ ದ್ರವವಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಈಗಿನ ಪೆಟ್ರೋಲಿಗೆ ಎಥನಾಲ್ ಬೇರೆ ಬೆರೆಸಿರುತ್ತಾರೆ. ಗಾಡಿ ನಿಧಾನವಾಗಿ ಏರು ಹತ್ತುವಾಗ ಎಂಜಿನ್ ಹೆಚ್ಚು ಕೆಲಸ ಮಾಡುತ್ತದೆ, ಎದುರುಗಾಳಿ ಕಡಿಮೆ, ಬಾನೆಟ್ಟಿನೊಳಗೆ ಕಾವು ಏರುತ್ತದೆ. ಎತ್ತರಕ್ಕೆ ಹೋದಂತೆ ವಾತಾವರಣದ ಒತ್ತಡ ಇಳಿದು ದ್ರವಗಳು ಇನ್ನೂ ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತವೆ. ನೀರಿನ ಕುದಿಬಿಂದು ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಹೀಗಾಗಿ ಪೆಟ್ರೋಲಿನ ಕೊಳವೆಯಲ್ಲಿ ಆವಿಯ ಗುಳ್ಳೆ ಕಟ್ಟಿಕೊಂಡು ದ್ರವ ಮುಂದೆ ಹೋಗದಂತೆ ತಡೆಯುತ್ತದೆ. ಹಳೆಯ ಕಾರುಗಳಲ್ಲಿ ಇದು ಸಾಮಾನ್ಯ. ನಮ್ಮ ಮೆಕ್ಯಾನಿಕರು ಏರ್‌ಲಾಕ್ ಎನ್ನುವುದು ಇದನ್ನೇ.

“ಕೊಳವೆ ಮೇಲೆ ಒದ್ದೆ ಬಟ್ಟೆ ಸುತ್ತು. ಅರ್ಧ ಗಂಟೆ ತಣ್ಣಗಾಗಲಿ. ತಾನೇ ಸ್ಟಾರ್ಟ್ ಆಗುತ್ತೆ,” ಎಂದೆ.

ಹುಡುಗ ಒಂದು ಕ್ಷಣ ಸುಮ್ಮನಿದ್ದ. “ದೊಡ್ಡಪ್ಪ, ಹೀಟ್ ಮೀಟರಿನ ಮುಳ್ಳು ಮಧ್ಯದಲ್ಲೇ ಇತ್ತು...” ಎಂದು ಆರಂಭಿಸಿದ.

“ಅದು ರೇಡಿಯೇಟರಿನ ನೀರಿನ ಲೆಕ್ಕ. ಪೆಟ್ರೋಲ್ ಕೊಳವೆಯದ್ದಲ್ಲ,” ಎಂದೆ.

“ಸರಿ. ನೀವು ಹೇಳಿದ್ರೆ ಹಾಗೇ ಇರಬೇಕು,” ಎಂದು ಒದ್ದೆ ಬಟ್ಟೆ ಸುತ್ತಿದ.

ನಲವತ್ತು ನಿಮಿಷದ ಮೇಲೆ ಸೆಲ್ಫ್ ಹೊಡೆದಾಗ ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. “ನೋಡಿದೆಯಾ?” ಎಂದೆ. ಎರಡು ಕಿಲೊಮೀಟರ್ ಕೂಡ ಹೋಗಿರಲಿಲ್ಲ, ಮತ್ತೆ ಮಿಸ್ಸಿಂಗ್, ಮತ್ತೆ ಪಟಾರ್, ಮತ್ತೆ ನಿಂತಿತು. ಈ ಸಲ ತಿರುವಿನ ನಟ್ಟನಡುವೆ. ಹಿಂದಿದ್ದ ಲಾರಿ ಹಾರ್ನ್ ಬಡಿದು ಹೇಗೋ ಪಕ್ಕಕ್ಕೆ ಹೊರಳಿತು.

ಇಳಿದು ಬರುತ್ತಿದ್ದ ಆರೇಳು ಮಂದಿ ಪಾದಯಾತ್ರಿಗಳು ಚೀಲ ಕೆಳಗಿಟ್ಟು ಓಡಿಬಂದರು. “ಏನ್ ಸ್ವಾಮಿ, ಇಷ್ಟು ಚೆಂದದ ಗಾಡಿ ನಿಂತ್‌ಬುಡ್ತಾ?” ಎನ್ನುತ್ತಲೇ ಹೆಗಲು ಕೊಟ್ಟು, ತಿರುವಿನಾಚೆ ರಸ್ತೆ ಅಗಲವಿದ್ದ ಜಾಗಕ್ಕೆ ತಳ್ಳಿದರು. ಅವರಲ್ಲಿ ಹಿರಿಯರೊಬ್ಬರು ತಮ್ಮ ಕಾಲು ತೋರಿಸಿ, “ನಮ್ ಗಾಡಿ ನೋಡಿ, ಎಣ್ಣೆ ಬೇಡ ಏನೂ ಬೇಡ, ನೀರೊಂದಿದ್ರೆ ಸಾಕು,” ಎಂದು ನಕ್ಕರು. ಕಾಲಿನ ತುಂಬ ಬೊಬ್ಬೆಗಳಿದ್ದವು. ಬಾಟಲಿ ನೀರು ಕೊಟ್ಟರೆ ಒಂದೊಂದು ಗುಟುಕು ಕುಡಿದು ಹೊರಟರು.

ಹುಡುಗ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಸುಮಾರು ಐವತ್ತು ಹೆಜ್ಜೆ ಹಿಂದೆ, ತಿರುವಿಗೆ ಮೊದಲೇ ಕಾಣುವಂತೆ, ಸೊಪ್ಪಿನ ಕೊಂಬೆಗಳನ್ನು ರಸ್ತೆಯಂಚಿಗೆ ಹಾಕಿದ. ಎಚ್ಚರಿಕೆಯ ಕೆಂಪು ತ್ರಿಕೋನ ಕಾರಿನಲ್ಲಿರಲಿಲ್ಲ. ಅದು ಅವನ ತಪ್ಪು, ಆಮೇಲೆ ಅವನೇ ಒಪ್ಪಿಕೊಂಡ. ಮೊಬೈಲಿಗೆ ಸಿಗ್ನಲ್ ಇಲ್ಲ. ಗಂಟೆ ಐದು ದಾಟಿತ್ತು.

ಹುಡುಗನ ಪರೀಕ್ಷೆ

ನಾನು ಮತ್ತೆ ಒದ್ದೆ ಬಟ್ಟೆಯ ಮಾತೆತ್ತಿದೆ. ಈ ಸಲ ಹುಡುಗ, “ದೊಡ್ಡಪ್ಪ, ಒಂದು ಸಲ ನೋಡ್ಲಾ?” ಎಂದು ಕೇಳಿದ. ಸ್ವರದಲ್ಲಿ ಎದುರುತ್ತರವಿರಲಿಲ್ಲ, ಅನುಮತಿ ಬೇಡುವ ದನಿಯಿತ್ತು. ಅವನ ಕಾರನ್ನು ಅವನು ನೋಡುವುದಕ್ಕೆ ನನ್ನ ಅನುಮತಿ! ಆಗಲೇ ನನಗೆ ಸ್ವಲ್ಪ ಚುಚ್ಚಿತು.

ಕೀಲಿ ತಿರುಗಿಸಿ, “ಪಂಪಿನ ಸದ್ದು ಕೇಳಿ,” ಎಂದ. ಎರಡು ಸಲ ಟಕ್ ಟಕ್ ಎಂದು ನಿಂತಿತು.

“ಕೊಳವೆಯಲ್ಲಿ ಆವಿ ಕಟ್ಟಿದ್ರೆ ಕಾರ್ಬುರೇಟರ್ ತುಂಬೋದಿಲ್ಲ. ಪಂಪು ಬಿಡದೆ ಬಡಿದುಕೊಳ್ತಾನೇ ಇರಬೇಕು. ಇದು ಎರಡೇ ಏಟಿಗೆ ನಿಂತಿತು. ಅಂದ್ರೆ ಪೆಟ್ರೋಲು ತುಂಬಿದೆ. ಅಲ್ಲಿಗೆ ಪೆಟ್ರೋಲಿನ ತೊಂದರೆ ಅಲ್ಲ.”

ನನ್ನ ನಲವತ್ತು ನಿಮಿಷದ ಸಿದ್ಧಾಂತ ಎರಡು ಟಕ್‌ಗಳಲ್ಲಿ ಬಿದ್ದುಹೋಯಿತು. ಆ ಸದ್ದಿನ ಅರ್ಥವನ್ನು ಮಂಗಳೂರು ಬಿಡುವಾಗಲೇ ಅವನು ಹೇಳಿದ್ದ. ಮೊದಲ ಸಲ ನಿಂತಾಗಲೂ ಅದು ಅವನಿಗೆ ಗೊತ್ತಿತ್ತು. ಆಮೇಲೆ ಕೇಳಿದಾಗ, “ನೀವು ಅಷ್ಟು ಚೆನ್ನಾಗಿ ವಿವರಿಸಿದ್ರಿ, ನಾನೇ ತಪ್ಪು ಅಂದುಕೊಂಡೆ,” ಎಂದ. ನನ್ನ ವಿವರಣೆಯಲ್ಲಿ ಒಂದು ವಾಕ್ಯವೂ ತಪ್ಪಿರಲಿಲ್ಲ. ಆದರೆ ಅದು ಈ ಕಾರಿನ ವಿವರಣೆಯಾಗಿರಲಿಲ್ಲ. ನೋಡುವುದಕ್ಕೆ ಮೊದಲೇ ನಾನು ಉತ್ತರ ಹೇಳಿ ಮುಗಿಸಿದ್ದೆ.

ಎಂಜಿನ್ ಓಡಲು ಪೆಟ್ರೋಲು, ಗಾಳಿ, ಕಿಡಿ – ಈ ಮೂರೂ ಸಮಯಕ್ಕೆ ಸರಿಯಾಗಿ ಸೇರಬೇಕು. ಪೆಟ್ರೋಲು ಸರಿಯಿದ್ದರೆ ಮುಂದಿನದು ಕಿಡಿ. ಹುಡುಗ ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಅದರ ತುದಿಯನ್ನು ಎಂಜಿನ್ನಿನ ಲೋಹದ ಹತ್ತಿರ ಹಿಡಿದು, ನನಗೆ ಸೆಲ್ಫ್ ಹೊಡೆಯಲು ಹೇಳಿದ. (ಓದುವ ಮಕ್ಕಳು ಇದನ್ನು ಮಾಡಿ ನೋಡಬಾರದು. ಅಲ್ಲಿರುವುದು ಸಾವಿರಾರು ವೋಲ್ಟ್, ಸುತ್ತ ಪೆಟ್ರೋಲಿನ ಆವಿ.) ನೀಲಿಯಾಗಿ ಚಟಚಟ ಎನ್ನಬೇಕಾದ ಕಿಡಿ ಹಳದಿಯಾಗಿ, ಸತ್ತಂತೆ ಬಂತು, ಒಮ್ಮೊಮ್ಮೆ ಬರಲೇ ಇಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದರೆ, ಕೂಡಿ ಬಿಡುವ ಎರಡು ಪಾಯಿಂಟುಗಳ ನಡುವೆಯೇ ಬೆಳ್ಳಗೆ ಕಿಡಿ ಹಾರುತ್ತಿತ್ತು. ಪಾಯಿಂಟುಗಳು ಸುಟ್ಟು ಕರಕಲಾಗಿದ್ದವು.

“ಕಂಡೆನ್ಸರ್ ಹೋಗಿದೆ,” ಎಂದ ಹುಡುಗ. “ಬಿಸಿಯಾದಾಗ ಸೋರುತ್ತೆ, ತಣ್ಣಗಾದಾಗ ಸುಧಾರಿಸಿಕೊಳ್ಳುತ್ತೆ. ಅದಕ್ಕೇ ಕಾದ ಮೇಲೆ ಸ್ಟಾರ್ಟ್ ಆಗಿದ್ದು.”

“ಖಂಡಿತವಾಗಿಯೂ ಅದೇನಾ?”

“ಖಂಡಿತ ಅನ್ನೋಕಾಗಲ್ಲ. ಕಾಯಿಲ್ ಕೂಡ ಬಿಸಿಗೆ ಹೀಗೆ ಮಾಡುತ್ತೆ. ಪಾಯಿಂಟ್ ಹೀಗೆ ಸುಟ್ಟಿರೋದರಿಂದ ಕಂಡೆನ್ಸರ್ ಮೇಲೇ ಅನುಮಾನ ಜಾಸ್ತಿ. ಸಿಕ್ಕಿದ್ರೆ ಎರಡನ್ನೂ ತರ್ತೀನಿ. ಆದರೆ ಮೊದಲು ಒಂದನ್ನೇ ಬದಲಿಸೋಣ. ಎರಡನ್ನೂ ಒಟ್ಟಿಗೆ ಬದಲಿಸಿದ್ರೆ ಯಾವುದು ಹೋಗಿತ್ತು ಅಂತ ಗೊತ್ತಾಗಲ್ಲ.”

ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಾಗಬೇಕು, ಉಳಿದವೆಲ್ಲ ಸ್ಥಿರವಾಗಿರಬೇಕು – ಇದನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಎಂಜಿನಿಯರಿಂಗಿನಲ್ಲಿ ಎರಡು ವಿಷಯ ಫೇಲಾದ ಹುಡುಗ ಅದನ್ನು ರಸ್ತೆಬದಿಯಲ್ಲಿ ಪಾಲಿಸುತ್ತಿದ್ದ.

ಬಿಡಿ ಕಂಡೆನ್ಸರ್ ಇಟ್ಟುಕೊಂಡಿರಲಿಲ್ಲ. ಒಂದು ಕಾಫಿ-ತಿಂಡಿಯಷ್ಟು ಬೆಲೆಯ ಹೆಬ್ಬೆರಳುದ್ದದ ವಸ್ತು. ಮೂರು ವರ್ಷ ದುಡಿದವನು ಅದನ್ನು ಮರೆತಿದ್ದ. ಅಷ್ಟರಲ್ಲಿ ಮೇಲಕ್ಕೆ ಹೋಗುವ ಕೆಂಪು ಬಸ್ಸೊಂದು ಬಂತು. ಕೈ ತೋರಿಸಿ ಹತ್ತಿದ ಹುಡುಗ, ಕೊಟ್ಟಿಗೆಹಾರದಿಂದ ಬರುವೆನೆಂದು ಹೇಳಿ ತಿರುವಿನಲ್ಲಿ ಮರೆಯಾದ.

ಘಾಟಿಯಲ್ಲಿ ಒಬ್ಬನೇ

ರಸ್ತೆಯ ತಡೆಗೋಡೆಯ ಈಚೆ, ಕಾರಿನಿಂದ ಸ್ವಲ್ಪ ದೂರದಲ್ಲಿ ಕುಳಿತೆ. ಕೆಟ್ಟು ನಿಂತ ಗಾಡಿಯೊಳಗೆ ಕೂರಬಾರದು, ತಿರುವಿನಲ್ಲಂತೂ ಕೂರಲೇಬಾರದು. ಅಲ್ಲಿ ಕುಳಿತಾಗ ಚಾರ್ಮಾಡಿ ಮೊದಲ ಸಲ ಕಣ್ಣಿಗೆ ಬಿತ್ತು.

ಕೆಳಗೆ ಕಣ್ಣಳತೆಯವರೆಗೂ ಕಾಡು. ಅದರಾಚೆ ಬೆಳ್ತಂಗಡಿಯ ಕಡೆಯ ತೋಟಗಳು ಮಬ್ಬಿನಲ್ಲಿ ಕರಗಿದ್ದವು. ಹಿಂದಿನ ಬಂಡೆಯಿಂದ ಬೇಸಿಗೆಯಲ್ಲೂ ನೂಲಿನಂತೆ ನೀರು ಜಿನುಗುತ್ತಿತ್ತು. ಆ ನೀರು ಇಳಿದು ಮೃತ್ಯುಂಜಯ ಹೊಳೆ ಸೇರಿ, ಅಲ್ಲಿಂದ ನೇತ್ರಾವತಿಯಾಗಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಘಾಟಿಯ ನೆತ್ತಿ ದಾಟಿದರೆ ಲೆಕ್ಕವೇ ಬೇರೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಪೂರ್ವಕ್ಕೆ ಹರಿದು, ಕಾವೇರಿ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮಳೆಯ ಎರಡು ಹನಿಗಳು ಕೆಲವೇ ಮೈಲಿಗಳ ಅಂತರದಲ್ಲಿ ಬಿದ್ದು ಎರಡು ಸಮುದ್ರ ಸೇರುತ್ತವೆ.

ಈ ಗುಡ್ಡಗಳು ನೋಡಲು ಗಟ್ಟಿಯಾಗಿ ಕಂಡರೂ ಮಳೆಗಾಲದಲ್ಲಿ ನಂಬುವಂತಿಲ್ಲ. 2019ರ ಆಗಸ್ಟಿನ ಮಳೆಗೆ ಇಲ್ಲಿ ಹಲವೆಡೆ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಬಸ್ಸಿನಲ್ಲಿ ಹೋಗುವಾಗ ಕಾಣದಿದ್ದ ಕಂಪು ಮಣ್ಣಿನ ಗೀರುಗಳು ನಿಂತು ನೋಡಿದಾಗ ಒಂದೊಂದಾಗಿ ಕಂಡವು.

ಕೋತಿಗಳ ಹಿಂಡೊಂದು ಬಂತು. ಮಡಚಿಟ್ಟ ಟಾಪಿನ ಮೇಲೆ ಕಣ್ಣು ಹಾಕಿದ ಗಡವವನ್ನು ಕೋಲು ಹಿಡಿದು ಓಡಿಸಬೇಕಾಯಿತು. ಪಿಕಪ್ ಗಾಡಿಯವರೊಬ್ಬರು ನಿಲ್ಲಿಸಿ, “ಬ್ಯಾಟರಿ ಡೌನಾ ಸಾರ್? ನನ್ನ ಹತ್ರ ವೈರ್ ಉಂಟು, ಕೊಡ್ತೇನೆ,” ಎಂದರು. ಈ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಹಲವಕ್ಕೆ ಬ್ಯಾಟರಿಯ ಧನಾಗ್ರವನ್ನೇ ಬಾಡಿಗೆ ಜೋಡಿಸಿರುತ್ತಾರೆಂದು, ಈಗಿನ ಗಾಡಿಗಳ ರೂಢಿಯಂತೆ ವೈರು ಕೊಟ್ಟರೆ ಅನಾಹುತವೆಂದು ಹುಡುಗ ಹೇಳಿಹೋಗಿದ್ದ. ಬ್ಯಾಟರಿ ಸರಿಯಿದೆಯೆಂದು ಹೇಳಿ ಕೈಮುಗಿದೆ.

ಆರೂವರೆಗೆ ಸೂರ್ಯ ಮುಳುಗಿದ. ಕತ್ತಲಾಗುತ್ತಿದ್ದಂತೆ ಸೊಪ್ಪಿನ ಕೊಂಬೆಗಳು ಯಾರಿಗೂ ಕಾಣವು. ಮೊಬೈಲಿನ ಟಾರ್ಚು ಹಿಡಿದು ತಿರುವಿನ ಅಂಚಿನಲ್ಲಿ ನಿಂತೆ. ಲಾರಿಗಳು ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ಸಲ ನಿಂತಾಗಲೇ ಹುಡುಗನ ಮಾತಿಗೆ ಕಿವಿಗೊಟ್ಟಿದ್ದರೆ ನಲವತ್ತು ನಿಮಿಷದ ಬೆಳಕು ಉಳಿಯುತ್ತಿತ್ತು, ಕತ್ತಲಿಗೆ ಮೊದಲೇ ಘಾಟಿ ಹತ್ತಿರುತ್ತಿದ್ದೆವು ಎಂಬುದು ಆ ಹೊತ್ತಿನಲ್ಲಿ ಚೆನ್ನಾಗಿ ಅರ್ಥವಾಯಿತು.

ಒಬ್ಬನೇ ನಿಂತಾಗ ಇನ್ನೊಂದು ವಿಷಯವೂ ಹೊಳೆಯಿತು. ಕಂಡೆನ್ಸರ್! ನಮ್ಮ ಶಾಲೆಯ ಪ್ರಯೋಗಶಾಲೆಯ ಬೀರುವಿನಲ್ಲಿ ಪ್ರೇರಣ ಸುರುಳಿಯೊಂದಿದೆ. ಆರು ವೋಲ್ಟ್ ಕೊಟ್ಟರೆ ಎರಡು ಗುಂಡುಗಳ ನಡುವೆ ಚಟಪಟ ಕಿಡಿ ಹಾರಿಸುವ ಉಪಕರಣ. ಪ್ರತಿವರ್ಷ ಹತ್ತನೆಯ ತರಗತಿಗೆ ತೋರಿಸುತ್ತೇನೆ, ಮಕ್ಕಳು ಹೋ ಎನ್ನುತ್ತಾರೆ. ಅದರ ಮರದ ಪೀಠದೊಳಗೆ ಅಡಗಿರುವುದು ಇದೇ ಕಂಡೆನ್ಸರ್. ಕಾರಿನ ಕಾಯಿಲ್ ಅದರ ತಮ್ಮನೇ ಸರಿ. ಎರಡೂ ಒಂದೇ ಎಂದು ಮಕ್ಕಳಿಗೆ ಹೇಳಿಯೂ ಇದ್ದೇನೆ. ಆದರೆ ಬಾನೆಟ್ ಎತ್ತಿದಾಗ ನೆನಪಾಗಲಿಲ್ಲ.

ಜೀಪಿನ ಕಂಡೆನ್ಸರ್

ಏಳು ಗಂಟೆಯ ಸುಮಾರಿಗೆ ಜೀಪೊಂದು ಇಳಿದು ಬಂತು. ಹುಡುಗನ ಜೊತೆ ನಡುವಯಸ್ಸಿನ ಮೆಕ್ಯಾನಿಕ್. ಭಾನುವಾರ ಗ್ಯಾರೇಜು ಮುಚ್ಚಿದ್ದರೂ ಮನೆ ಹುಡುಕಿಕೊಂಡು ಹೋದ ಹುಡುಗನ ಮುಖ ನೋಡಿ ಎದ್ದು ಬಂದ ಪುಣ್ಯಾತ್ಮ.

“ಎಂಥ ಮಾರ್ರೆ, ಈ ಗಾಡಿಯ ಪಾರ್ಟು ಇಲ್ಲೆಲ್ಲಿ ಸಿಗ್ತದೆ? ಆದ್ರೆ ನಿಮ್ಮ ಹುಡುಗ ಬಂದವನೇ, ಯಾವ ಗಾಡಿದಾದ್ರೂ ಅಡ್ಡಿಲ್ಲ, ಪಾಯಿಂಟ್ ಇರೋ ಗಾಡಿಯ ಕಂಡೆನ್ಸರ್ ಕೊಡಿ ಅಂದ. ಅಷ್ಟು ಸರಿಯಾಗಿ ಕೇಳುವವರು ಕಮ್ಮಿ ಸಾರ್,” ಎಂದರು. ಕೈಯಲ್ಲಿ ಹಳೆಯ ಪೆಟ್ರೋಲ್ ಜೀಪೊಂದರಿಂದ ಬಿಚ್ಚಿಟ್ಟಿದ್ದ ಕಂಡೆನ್ಸರ್ ಇತ್ತು. ಕಾಯಿಲ್ ಸಿಕ್ಕಿರಲಿಲ್ಲ.

ಹುಡುಗ ಹಳೆಯ ಕಂಡೆನ್ಸರಿನ ವೈರು ಬಿಡಿಸಿದ. ಪಾಯಿಂಟುಗಳನ್ನು ಅರದಿಂದ ಉಜ್ಜಿದ. ಜೀಪಿನ ಕಂಡೆನ್ಸರ್ ಡಿಸ್ಟ್ರಿಬ್ಯೂಟರಿನೊಳಗೆ ಕೂರುವುದಿಲ್ಲ. ಕೂರಬೇಕಾಗಿಯೂ ಇಲ್ಲ. ಅದರ ಹೊರಕವಚವನ್ನು ಎಂಜಿನ್ನಿನ ಬೋಲ್ಟೊಂದಕ್ಕೆ ಬಿಗಿದು, ವೈರನ್ನು ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತುದಿಗೆ ಸೇರಿಸಿದ. ಮೆಕ್ಯಾನಿಕ್ ಟಾರ್ಚು ಹಿಡಿದಿದ್ದರು.

ಆ ಹತ್ತು ನಿಮಿಷದಲ್ಲಿ ನಾನು ಕೇಳಿದೆ: “ಕಂಡೆನ್ಸರ್ ಯಾಕೆ ಬೇಕು ಹೇಳು?”

“ಇಲ್ಲದಿದ್ರೆ ಪಾಯಿಂಟ್ ಸುಡುತ್ತೆ, ಕಿಡಿ ಬರಲ್ಲ.”

“ಕಿಡಿ ಯಾಕೆ ಬರಲ್ಲ?”

ಅವನಿಗೆ ಗೊತ್ತಿರಲಿಲ್ಲ. ಈಗ ಹೇಳುವ ಸರದಿ ನನ್ನದು. ಈ ಸಲ ಎದುರಿಗಿರುವ ಕಾರಿನ ಬಗ್ಗೆಯೇ ಹೇಳಿದೆ.

ಕಾಯಿಲಿನೊಳಗೆ ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ಸುತ್ತುಗಳಿವೆ. ಒಂದರಲ್ಲಿ ಕೆಲವು ನೂರು ಸುರುಳಿ, ಇನ್ನೊಂದರಲ್ಲಿ ಸಾವಿರಾರು. ಪಾಯಿಂಟು ಕೂಡಿರುವಾಗ ಮೊದಲನೆಯದರಲ್ಲಿ ಬ್ಯಾಟರಿಯ ವಿದ್ಯುತ್ತು ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಪಾಯಿಂಟು ಬಿಟ್ಟ ಕ್ಷಣ ಆ ಕ್ಷೇತ್ರ ಕುಸಿಯುತ್ತದೆ. ಕಾಂತಕ್ಷೇತ್ರ ಬದಲಾದರೆ ವಿದ್ಯುತ್ತು ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದ. ಹುಟ್ಟುವ ವೋಲ್ಟೇಜು ಎಷ್ಟೆಂಬುದು ಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಬೇಗ ಎಂಬುದೇ ಮುಖ್ಯ. ಆದರೆ ಹರಿಯುತ್ತಿರುವ ವಿದ್ಯುತ್ತು ತಟ್ಟನೆ ನಿಲ್ಲಲು ಒಪ್ಪುವುದಿಲ್ಲ, ಪಾಯಿಂಟುಗಳ ನಡುವಿನ ಸಂದನ್ನು ಕಿಡಿಯಾಗಿ ಹಾರಿ ಹರಿಯುತ್ತಲೇ ಇರುತ್ತದೆ. ಆಗ ಕ್ಷೇತ್ರದ ಕುಸಿತ ನಿಧಾನವಾಗಿ ಪ್ಲಗ್ಗಿನ ಕಿಡಿ ಸೊರಗುತ್ತದೆ. ಪಾಯಿಂಟಿಗೆ ಸಮಾಂತರವಾಗಿ ಕಂಡೆನ್ಸರ್ ಇದ್ದರೆ, ಹಾರಬೇಕಾದ ವಿದ್ಯುತ್ತು ಅದರೊಳಗೆ ನುಗ್ಗುತ್ತದೆ. ಅಷ್ಟರಲ್ಲಿ ಸಂದು ಅಗಲವಾಗಿರುತ್ತದೆ. ಪ್ರವಾಹ ಕಡಿದು ಬೀಳುತ್ತದೆ, 12 ವೋಲ್ಟಿನ ಬ್ಯಾಟರಿಯಿಂದ ಹತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ಕಿಡಿ ಹುಟ್ಟುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಲ ಹೀಗಾಗಬೇಕು.

ಪ್ರೇರಣ ಸುರುಳಿಗೆ ಕಂಡೆನ್ಸರ್ ಜೋಡಿಸುವ ಉಪಾಯವನ್ನು 1853ರಲ್ಲಿ ಹೇಳಿದವನು ಫ್ರಾನ್ಸಿನ ಫಿಜೋ. ಹಲ್ಲಿನ ಚಕ್ರ ತಿರುಗಿಸಿ ಬೆಳಕಿನ ವೇಗ ಅಳೆದವನೂ ಅವನೇ. ಮುಂದೆ 1910ರ ಆಸುಪಾಸಿನಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಈ ಏರ್ಪಾಡನ್ನು ಕಾರುಗಳಿಗೆ ಒಗ್ಗಿಸಿದ. ಎಲೆಕ್ಟ್ರಾನಿಕ್ ವ್ಯವಸ್ಥೆ ಬರುವವರೆಗೆ ಹಲವು ದಶಕ ಜಗತ್ತಿನ ಪೆಟ್ರೋಲ್ ಕಾರುಗಳು ಹೆಚ್ಚಾಗಿ ಇದರಿಂದಲೇ ಓಡಿದವು.

ಹುಡುಗ ಸ್ಪ್ಯಾನರು ಹಿಡಿದು ಹಾಗೇ ನಿಂತಿದ್ದ. “ದೊಡ್ಡಪ್ಪ, ನಾನು ಫೇಲಾಗಿರೋದು ಬೇಸಿಕ್ ಎಲೆಕ್ಟ್ರಿಕಲ್‌ನಲ್ಲೇ. ಈ ಸೂತ್ರ ಅದರಲ್ಲಿದೆ. ಅದು ಇದೇ ಅಂತ ಯಾರೂ ಹೇಳಿರಲಿಲ್ಲ,” ಎಂದ.

ಸೆಲ್ಫ್ ಹೊಡೆದ. ಎಂಜಿನ್ ಹಿಡಿಯಿತು. ಮುಚ್ಚಳವಿಲ್ಲದ ಎದೆಯಿಂದ ಬಂದಂತಹ ಗಂಭೀರ ಸದ್ದು, ಒಂದು ಮಿಸ್ಸಿಂಗ್ ಇಲ್ಲ. ಆದರೂ ಹುಡುಗ ಹೊರಡಲಿಲ್ಲ. ಹತ್ತು ನಿಮಿಷ ಹಾಗೇ ಓಡಿಸಿ, ಕಾವೇರಿದ ಮೇಲೂ ಸರಿಯಿದೆಯೆಂದು ನೋಡಿಯೇ ಬಾನೆಟ್ ಮುಚ್ಚಿದ. ಆಮೇಲೆ ಚಕ್ರಕ್ಕೆ ಕೊಟ್ಟಿದ್ದ ಕಲ್ಲುಗಳನ್ನೂ ರಸ್ತೆಯಂಚಿನ ಕೊಂಬೆಗಳನ್ನೂ ತೆಗೆದು ಮೋರಿಯಾಚೆ ಎಸೆದ. ಗಾಡಿ ರಿಪೇರಿಯಾದ ಖುಷಿಯಲ್ಲಿ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟುಹೋಗುವವರಿಂದ ರಾತ್ರಿ ಬೈಕಿನವರಿಗೆ ಎಷ್ಟು ಅಪಾಯವೆಂದು ಎಲ್ಲರಿಗೂ ಗೊತ್ತು. ಆದರೂ ತೆಗೆಯುವವರು ಕಡಿಮೆ.

ಮೂಡಿಗೆರೆಯಲ್ಲಿ

ಜೀಪಿನ ಹಿಂದೆ ನಿಧಾನವಾಗಿ ಹತ್ತಿದೆವು. ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಮೆಕ್ಯಾನಿಕ್ ಜೀಪು ನಿಲ್ಲಿಸಿ ಕೈಮುಗಿದರು, ನಾವೂ ಮುಗಿದೆವು. ಘಾಟಿಯಲ್ಲಿ ಓಡಾಡುವ ಚಾಲಕರ ರೂಢಿ ಅದು. ಕೊಟ್ಟಿಗೆಹಾರ ತಲುಪಿದಾಗ ಗಾಳಿಗೆ ತಂಪು ಬಂದಿತ್ತು. ಅಲ್ಲಿನ ನೀರ್‌ದೋಸೆಯ ಹೆಸರು ಕೇಳದ ಪ್ರಯಾಣಿಕರಿಲ್ಲ. ಮೂವರೂ ಕೂತು ತಿಂದೆವು. ಮೆಕ್ಯಾನಿಕ್ ಕಂಡೆನ್ಸರಿಗೆ ದುಡ್ಡು ಬೇಡವೆಂದರು, ಡೀಸೆಲ್ಲಿನದ್ದು ಮಾತ್ರ ತೆಗೆದುಕೊಂಡರು. ಪೂರ್ಣಚಂದ್ರ ತೇಜಸ್ವಿಯವರು ಬದುಕಿ ಬರೆದ ಸೀಮೆ ಇದು. ಕಾಡಿನ ಹುಳುವಿನಿಂದ ಹಿಡಿದು ಯಂತ್ರದವರೆಗೆ ಎಲ್ಲವನ್ನೂ ಸ್ವತಃ ನೋಡಿದ ಮೇಲೆಯೇ ಕನ್ನಡದಲ್ಲಿ ಬರೆದವರು. ಅವರ ಪ್ರತಿಷ್ಠಾನವೂ ಕೊಟ್ಟಿಗೆಹಾರದಲ್ಲೇ ಇದೆ.

ಮೂಡಿಗೆರೆಯ ಮನೆ ತಲುಪಿದಾಗ ತಮ್ಮ ಗೇಟಿನಲ್ಲೇ ನಿಂತಿದ್ದ. ಆತಂಕ ಕೋಪವಾಗಿತ್ತು.

“ಏನಣ್ಣ ಇದು, ಎಷ್ಟು ಹೊತ್ತಾಯ್ತು? ಕೆಟ್ಟು ನಿಂತಿತ್ತು ತಾನೆ? ನಾನು ಹೇಳಿರಲಿಲ್ವಾ? ನೀನು ಅವನಿಗೆ ಹೇಳಿದೆಯೋ ಇಲ್ವೋ?”

ಹುಡುಗ ಒಳಗೆ ಹೋದ ಮೇಲೆ ತಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ನನ್ನ ಏರ್‌ಲಾಕ್ ಪಾಠವನ್ನೂ ಮುಚ್ಚಿಡಲಿಲ್ಲ. “ಹುಡುಗನಿಗೆ ಬುದ್ಧಿ ಇಲ್ಲ ಅಂದುಕೊಂಡು ಹೋದೆ. ಬುದ್ಧಿ ಇದೆ. ನಾನು ಎದುರಿಗಿದ್ದಾಗ ಅದನ್ನು ಉಪಯೋಗಿಸೋಕೆ ಸಂಕೋಚ. ನಿನ್ನೆದುರೂ ಹಾಗೇ ಇರಬೇಕು. ಕಾರು ಮಾರಬೇಡ. ಆದರೆ ಉಳಿದ ಎರಡು ಪೇಪರ್ ಪಾಸಾಗೋವರೆಗೆ ಅದು ಇಲ್ಲೇ ಶೆಡ್ಡಿನಲ್ಲಿರಲಿ. ಅವನು ಒಪ್ಪಿದ್ದಾನೆ,” ಎಂದೆ. ನೀರ್‌ದೋಸೆ ತಿನ್ನುವಾಗಲೇ ಈ ಕರಾರು ಆಗಿತ್ತು. ತಮ್ಮ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟಾರ್ಚು ತಂದು ಕಾರಿನ ಸುತ್ತ ಒಂದು ಸುತ್ತು ಬಂದ. “ಜೀಪಿನ ಕಂಡೆನ್ಸರ್ ಎಲ್ಲಿ ಹಾಕಿದ್ದಾನೆ?” ಎಂದು ಕೇಳಿದ. “ಅವನನ್ನೇ ಕೇಳು,” ಎಂದೆ. ಕೇಳಿದ. ಅಪ್ಪ ಮಗ ಬಾನೆಟ್ ಎತ್ತಿಕೊಂಡು ಬಹಳ ಹೊತ್ತು ಮಾತಾಡುತ್ತಿದ್ದರು.

ಆ ವರ್ಷವೇ ಹುಡುಗ ಎರಡೂ ಪೇಪರು ಬರೆದು ಪಾಸಾದ. ಅಂಕಗಳೇನೂ ಹೇಳಿಕೊಳ್ಳುವಂತಿರಲಿಲ್ಲ, ಐವತ್ತರ ಆಸುಪಾಸು. ಕಾರಿನಲ್ಲೀಗ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಅದರಲ್ಲಿ ಎರಡು ಕಂಡೆನ್ಸರ್, ಒಂದು ಜೊತೆ ಪಾಯಿಂಟು, ಒಂದು ಫ್ಯಾನ್ ಬೆಲ್ಟು. ಸೀಟಿನ ಹಿಂದೆ ಕೆಂಪು ತ್ರಿಕೋನ.

ಕೆಟ್ಟ ಕಂಡೆನ್ಸರನ್ನು ನಾನು ಕೇಳಿ ಇಸಿದುಕೊಂಡೆ. ಅದರ ಡಬ್ಬಿ ಕತ್ತರಿಸಿದರೆ ಒಳಗೆ ಚಾಪೆಯಂತೆ ಸುತ್ತಿದ ಲೋಹದ ತೆಳು ಹಾಳೆ, ನಡುವೆ ಕಾಗದ. ವರ್ಷಗಳ ಕಾವಿಗೆ ಕಾಗದ ಕಂದುಬಣ್ಣಕ್ಕೆ ತಿರುಗಿ ಒಂದೆರಡು ಕಡೆ ಸುಟ್ಟಿತ್ತು. ಅದು ಈಗ ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿ ಪ್ರೇರಣ ಸುರುಳಿಯ ಪಕ್ಕದಲ್ಲಿದೆ. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಬಂದಾಗ ಅದನ್ನು ಮಕ್ಕಳ ಕೈಗೆ ಕೊಡುತ್ತೇನೆ. ಏನು, ಯಾಕೆ ಎಂದು ನಾನು ಹೇಳುವುದು ಆಮೇಲೆ. ಮೊದಲು, ಅವರಿಗೆ ಏನು ಕಾಣುತ್ತದೆಂದು ಕೇಳುತ್ತೇನೆ, ಅವರು ಹೇಳಿ ಮುಗಿಸುವವರೆಗೆ ಸುಮ್ಮನಿರುತ್ತೇನೆ. ಮೂವತ್ತು ವರ್ಷದ ಅಭ್ಯಾಸ ಬಿಡುವುದು ಸುಲಭವಲ್ಲ, ಒಮ್ಮೊಮ್ಮೆ ಬಾಯಿ ಮುಂದಾಗುತ್ತದೆ. ಆಗ ಚಾರ್ಮಾಡಿಯ ಕತ್ತಲನ್ನು ನೆನೆಸಿಕೊಳ್ಳುತ್ತೇನೆ.